ಮಳೆ, ಮಂಜು ಮತ್ತು ಹಳೆಯ ಕಾರು

ಯಂತ್ರವು ಹಳೆಯದಾದಂತೆಲ್ಲ ಅದರ ಮೇಲಿನ ನಮ್ಮ ಮಮತೆ ಬೆಳೆಯುತ್ತದೆ. ಆದರೆ ಪ್ರಕೃತಿಯ ನಿಯಮಗಳು ಈ ಮಮತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಣರಸ್ತೆಯ ಮೇಲೆ ಗಂಭೀರವಾಗಿ ಸಾಗುವ ಅರ್ಧ ಶತಮಾನದ ಕಾರು, ಒಂದು ಮಳೆ ಬಿದ್ದೊಡನೆ ಚಾಲಕನಿಂದ ಬೇರೆಯೇ ಬಗೆಯ ಜಾಣ್ಮೆಯನ್ನು ಬೇಡುತ್ತದೆ. ಅದು ಏಕೆ, ಆ ಜಾಣ್ಮೆ ಯಾವುದು ಎಂಬುದನ್ನು ಭೌತಶಾಸ್ತ್ರದ ಸರಳ ತತ್ತ್ವಗಳ ನೆರವಿನಿಂದ ವಿಚಾರ ಮಾಡೋಣ.

ಹಳೆಯ ಕಾರು ಎಂದರೆ ಎಷ್ಟು ಹಳೆಯದು? ಇಂಗ್ಲೆಂಡಿನ ಅಭಿಮಾನಿಗಳು ೧೯೧೯ರಿಂದ ೧೯೩೦ರವರೆಗೆ ತಯಾರಾದ ಕಾರುಗಳನ್ನು ಮಾತ್ರ ‘ವಿಂಟೇಜ್’ ಎಂದು ಕರೆಯುವ ವಾಡಿಕೆಯುಂಟು. ನಮ್ಮ ದೇಶದಲ್ಲಿ ೨೦೨೧ರಲ್ಲಿ ಹೊರಡಿಸಿದ ಮೋಟಾರು ವಾಹನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ, ಮೂಲರೂಪವನ್ನು ಉಳಿಸಿಕೊಂಡ ವಾಹನವು ಈ ಹೆಸರಿಗೆ ಅರ್ಹವಾಗಿದೆ. ಅಂಥ ನೋಂದಣಿ ಪಡೆದ ವಾಹನವನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ ಮೊದಲಾದ ಉದ್ದೇಶಗಳಿಗೆ ಓಡಿಸಬಹುದು. ಹೀಗೆ ೧೯೬೦ರ ದಶಕದ ಅಂಬಾಸಡರು, ಫಿಯೆಟ್ ೧೧೦೦, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳು ಕೂಡ ಈ ಹಿರಿಯರ ಸಾಲಿಗೆ ಬಂದು ಸೇರಿವೆ. ಧರ್ಮಸ್ಥಳದ ‘ಮಂಜೂಷಾ’ದಲ್ಲಿಯೂ ೨೦೨೩ರಲ್ಲಿ ಶ್ರೀರಂಗಪಟ್ಟಣದ ಬಳಿ ತೆರೆದ ‘ಪಯಣ’ ಸಂಗ್ರಹಾಲಯದಲ್ಲಿಯೂ ಇಂಥ ವಾಹನಗಳನ್ನು ಮಾಡಿನ ಕೆಳಗೆ ಕಾಣಬಹುದು. ನಮ್ಮ ವಿಚಾರವಾದರೋ ರಸ್ತೆಯ ಮೇಲೆ ನೆನೆಯುವ ಕಾರುಗಳಿಗೆ ಸಂಬಂಧಪಟ್ಟದ್ದು.

ದಾವಣಗೆರೆಯ ದೇವರಾಜ ಅರಸು ಬಡಾವಣೆಯಿಂದ ಹೊರಟು ಹಳೆಯ ಪೂನಾ–ಬೆಂಗಳೂರು ರಸ್ತೆಯನ್ನು ಹಿಡಿದು ಹರಿಹರದ ತುಂಗಭದ್ರಾ ನದಿಯವರೆಗೆ ಹೋಗುವ ಹದಿನಾಲ್ಕು–ಹದಿನೈದು ಕಿಲೋಮೀಟರುಗಳ ಪ್ರಯಾಣವನ್ನೇ ನಮ್ಮ ಪ್ರಯೋಗಶಾಲೆಯೆಂದು ಇಟ್ಟುಕೊಳ್ಳೋಣ. ‘ಇಲ್ಲಿ ಮಳೆಯೇ ಕಡಮೆ, ಅಪಾಯವೇನು?’ ಎಂದು ಕೆಲವರು ಕೇಳಬಹುದು. ಆಗುಂಬೆಯಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮೀರಿ ಮಳೆ ಸುರಿದರೆ, ದಾವಣಗೆರೆಯ ಸೀಮೆಯಲ್ಲಿ ಬೀಳುವುದು ಸುಮಾರು ೬೫೦ ಮಿಲಿಮೀಟರು ಮಾತ್ರ. ಆದರೆ ಮಳೆ ಕಡಮೆಯೆಂಬುದೇ ಇಲ್ಲಿ ಒಂದು ಅಪಾಯ. ಎರಡು ಮಳೆಗಳ ನಡುವಿನ ಬಿಸಿಲಿನ ದಿನಗಳಲ್ಲಿ ಲಾರಿಗಳಿಂದ ಸೋರಿದ ಎಣ್ಣೆ, ಟೈರುಗಳಿಂದ ಸವೆದ ರಬ್ಬರಿನ ಪುಡಿ, ಹೊಲದ ಧೂಳು ಇವೆಲ್ಲ ರಸ್ತೆಯ ಮೇಲೆ ಸಂಗ್ರಹವಾಗುತ್ತವೆ. ಮೊದಲ ತುಂತುರು ಇವನ್ನು ತೊಳೆದು ಹಾಕುವಷ್ಟು ಬಲವಾಗಿರುವುದಿಲ್ಲ; ಕಲಸಿ ಜಾರುವ ಲೇಪವನ್ನು ಮಾಡುವಷ್ಟು ಮಾತ್ರ ಇರುತ್ತದೆ. ಆದುದರಿಂದ ಜಡಿಮಳೆಯ ಎರಡನೆಯ ಗಂಟೆಗಿಂತ, ಮಳೆ ಆರಂಭವಾದ ಮೊದಲ ಕೆಲವು ನಿಮಿಷಗಳಲ್ಲಿ ನಾವು ಹೆಚ್ಚು ಎಚ್ಚರದಿಂದಿರಬೇಕು.

ನಾಲ್ಕು ಅಂಗೈಗಳ ಹಿಡಿತ

ಕಾರನ್ನು ನಿಲ್ಲಿಸುವುದು ಬ್ರೇಕು ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ವಾಸ್ತವವಾಗಿ ಬ್ರೇಕು ನಿಲ್ಲಿಸುವುದು ಚಕ್ರವನ್ನು. ಕಾರನ್ನು ನಿಲ್ಲಿಸುವುದು ರಸ್ತೆ. ರಸ್ತೆಗೂ ಕಾರಿಗೂ ಇರುವ ಸಂಬಂಧವೆಂದರೆ ಟೈರುಗಳು ನೆಲವನ್ನು ಮುಟ್ಟುವ ನಾಲ್ಕು ತಾಣಗಳು ಮಾತ್ರ. ಈ ತಾಣಗಳ ವಿಸ್ತಾರವೆಷ್ಟು? ಟೈರಿನ ಒಳಗಿನ ಗಾಳಿಯ ಒತ್ತಡವೇ ಬಹುಮಟ್ಟಿಗೆ ಕಾರಿನ ತೂಕವನ್ನು ಹೊರುವುದರಿಂದ, ತೂಕವನ್ನು ಒತ್ತಡದಿಂದ ಭಾಗಿಸಿದರೆ ಉತ್ತರ ದೊರೆಯುತ್ತದೆ. ಜನರೂ ಸೇರಿ ೧,೨೦೦ ಕಿಲೋಗ್ರಾಂ ತೂಗುವ ಕಾರಿನ ಟೈರುಗಳಲ್ಲಿ ೨೫ ಪೌಂಡು ಗಾಳಿಯಿದ್ದರೆ (ಚದರ ಸೆಂಟಿಮೀಟರಿಗೆ ಸುಮಾರು ೧.೭೬ ಕಿಲೋಗ್ರಾಂ) ಒಟ್ಟು ವಿಸ್ತಾರ ೬೮೦ ಚದರ ಸೆಂಟಿಮೀಟರು. ಅಂದರೆ ಒಂದೊಂದು ಚಕ್ರಕ್ಕೆ ೧೭೦. ಬೆರಳುಗಳನ್ನು ಸೇರಿಸಿ ನೆಲದ ಮೇಲೆ ಊರಿದ ಒಂದು ಅಂಗೈಯಷ್ಟು. ಇಡೀ ಸಂಸಾರದ ಕ್ಷೇಮ ಈ ನಾಲ್ಕು ಅಂಗೈಗಳ ಹಿಡಿತದಲ್ಲಿದೆ.

ಈ ಹಿಡಿತದ ಬಲವನ್ನು ‘ಘರ್ಷಣಾಂಕ’ವೆಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಹಳೆಯ ಮಾದರಿಯ ಟೈರಿಗೆ ಒಣ ಡಾಂಬರು ರಸ್ತೆಯಲ್ಲಿ ಇದು ಸುಮಾರು ೦.೭, ನೆನೆದ ರಸ್ತೆಯಲ್ಲಿ ೦.೪, ಕೆಸರಿನ ಲೇಪವಿರುವ ಕಡೆ ೦.೨ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ನಿಲ್ಲಲು ಬೇಕಾದ ದೂರವು ವೇಗದ ವರ್ಗಕ್ಕೆ ಅನುಗುಣವಾಗಿಯೂ ಘರ್ಷಣಾಂಕಕ್ಕೆ ವಿಲೋಮವಾಗಿಯೂ ಇರುತ್ತದೆ. ವೇಗವನ್ನು ವರ್ಗಮಾಡಿ, ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ ದೂರ ದೊರೆಯುತ್ತದೆ. ಇದಕ್ಕೆ, ಅಪಾಯವನ್ನು ಕಂಡು ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿನಲ್ಲಿ ಕಾರು ಓಡುವ ದೂರವನ್ನೂ ಕೂಡಬೇಕು. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಫಲಿತಾಂಶ ಹೀಗಿದೆ:

ಒಣರಸ್ತೆಯಲ್ಲಿ — ೩೭ ಮೀಟರು.
ನೆನೆದ ರಸ್ತೆಯಲ್ಲಿ — ೫೨ ಮೀಟರು.
ಕೆಸರಿನ ಲೇಪದ ಮೇಲೆ — ೮೮ ಮೀಟರು.

ಅದೇ ನೆನೆದ ರಸ್ತೆಯಲ್ಲಿ ವೇಗವನ್ನು ೪೦ಕ್ಕೆ ಇಳಿಸಿದರೆ ಒಟ್ಟು ದೂರ ೨೭ ಮೀಟರಿಗೆ ಇಳಿಯುತ್ತದೆ. ವೇಗವನ್ನು ಮೂರನೆಯ ಒಂದು ಭಾಗ ತಗ್ಗಿಸಿದ ಮಾತ್ರದಿಂದ, ಒಣರಸ್ತೆಯಲ್ಲಿ ೬೦ರ ವೇಗದಲ್ಲಿ ಹೋಗುವವನಿಗಿಂತಲೂ ಹೆಚ್ಚು ಕ್ಷೇಮವಾದ ಸ್ಥಿತಿಗೆ ನಾವು ಬಂದೆವು. ದೂರವು ವೇಗದ ವರ್ಗವನ್ನು ಅನುಸರಿಸುವುದರ ಪ್ರಯೋಜನವಿದು. ಹಳೆಯ ಕಾರಿಗೆ ಹೊಸ ಬ್ರೇಕನ್ನು ಹಾಕಿಸುವುದು ಕಷ್ಟ. ವೇಗವನ್ನು ತಗ್ಗಿಸುವುದಕ್ಕೆ ಒಂದು ಕಾಸೂ ವೆಚ್ಚವಿಲ್ಲ.

ಮುಂದಿನ ಕಾರು ನಿಂತ ಜಾಗದಲ್ಲಿ

ಹಳೆಯ ಕಾರು ರಸ್ತೆಯಲ್ಲಿ ಒಂಟಿಯಾಗಿರುವುದಿಲ್ಲ. ಅದರ ಮುಂದೆ ಹೊಸ ಕಾರು ಹೋಗುತ್ತಿರುತ್ತದೆ. ೨೦೧೯ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ, ಚಕ್ರಗಳು ಬಿಗಿದುಕೊಳ್ಳದಂತೆ ಬ್ರೇಕನ್ನು ನಿಯಂತ್ರಿಸುವ ಎ.ಬಿ.ಎಸ್. ಏರ್ಪಾಡು ಕಡ್ಡಾಯವಾಗಿದೆ. ಅವುಗಳ ಅಗಲವಾದ ರೇಡಿಯಲ್ ಟೈರುಗಳೂ ನೆನೆದ ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತವೆ. ಅಂಥ ಕಾರಿಗೆ ನೆನೆದ ರಸ್ತೆಯಲ್ಲಿ ಘರ್ಷಣಾಂಕ ೦.೬, ನಮ್ಮ ಹಳೆಯ ಕಾರಿಗೆ ೦.೪ ಎಂದು ಭಾವಿಸೋಣ. ಇಬ್ಬರೂ ೬೦ರ ವೇಗದಲ್ಲಿದ್ದಾರೆ. ಪ್ರತಿಕ್ರಿಯೆಯ ಕಾಲವನ್ನು ಬದಿಗಿಟ್ಟು ಬ್ರೇಕು ಹಿಡಿದಲ್ಲಿಂದ ಎಣಿಸಿದರೆ, ಹೊಸ ಕಾರು ಸುಮಾರು ೨೪ ಮೀಟರಿನಲ್ಲಿ ನಿಲ್ಲುತ್ತದೆ. ಹಳೆಯ ಕಾರಿಗೆ ೩೫ ಮೀಟರು ಬೇಕು.

ಹನ್ನೊಂದು ಮೀಟರಿನ ವ್ಯತ್ಯಾಸ ಕೇಳುವುದಕ್ಕೆ ಅಲ್ಪವೆನಿಸಬಹುದು. ಆದರೆ ಹೊಸ ಕಾರು ನಿಲ್ಲುವಷ್ಟು ದೂರವನ್ನು ಕ್ರಮಿಸಿದಾಗ ಹಳೆಯ ಕಾರಿನ ವೇಗವೆಷ್ಟಿರುತ್ತದೆ ಎಂದು ಲೆಕ್ಕಹಾಕಿ ನೋಡಿರಿ. ಅದರ ಚಲನಶಕ್ತಿಯಲ್ಲಿ ಮೂರನೆಯ ಒಂದು ಭಾಗ ಇನ್ನೂ ಉಳಿದಿರುತ್ತದೆ. ವೇಗವಾದರೋ ಗಂಟೆಗೆ ೩೫ ಕಿಲೋಮೀಟರು! ಸೀಟು ಪಟ್ಟಿಯಿಲ್ಲದ, ಉಕ್ಕಿನ ಗಡುಸು ಸ್ಟಿಯರಿಂಗ್ ದಂಡವುಳ್ಳ ಹಳೆಯ ಕಾರಿನಲ್ಲಿ ಕುಳಿತವನಿಗೆ ಈ ವೇಗದ ಡಿಕ್ಕಿ ಪ್ರಾಣಾಂತಿಕವಾಗಬಹುದು. ಆದುದರಿಂದ ಮುಂದಿನ ಕಾರಿನವನು ಎಷ್ಟು ಅಂತರವನ್ನಿಟ್ಟುಕೊಂಡಿದ್ದಾನೆ ಎಂಬುದು ನಮಗೆ ಮಾದರಿಯಾಗಲಾರದು. ಅವನು ಒಂದು ಕಂಬವನ್ನು ದಾಟಿದೊಡನೆ ‘ಸಾವಿರದ ಒಂದು, ಸಾವಿರದ ಎರಡು’ ಎಂದು ಎಣಿಸತೊಡಗಿ, ‘ಸಾವಿರದ ನಾಲ್ಕು’ ಮುಗಿದ ಮೇಲೆ ನಾವು ಅದೇ ಕಂಬವನ್ನು ತಲಪಬೇಕು. ೪೦ರ ವೇಗದಲ್ಲಿ ಇದು ಸುಮಾರು ೪೪ ಮೀಟರಿನ ಅಂತರ. ನಡುವೆ ಬೈಕು, ಆಟೋಗಳು ನುಸುಳಿಬಂದರೆ ಮತ್ತೆ ಹಿಂದೆ ಸರಿಯುವುದೇ ವಿವೇಕ.

ಇನ್ನೂ ಹಿಂದಿನ ಕಾರುಗಳ ಸ್ಥಿತಿ ಇದಕ್ಕಿಂತ ಸೂಕ್ಷ್ಮ. ೧೯೦೮ರಿಂದ ೧೯೨೭ರವರೆಗೆ ತಯಾರಾದ ಫೋರ್ಡ್ ಟಿ ಮಾದರಿಯಲ್ಲಿ ಬ್ರೇಕಿನ ಪರಿಣಾಮ ಹಿಂದಿನ ಚಕ್ರಗಳ ಮೇಲೆ ಮಾತ್ರ. ಬ್ರೇಕು ಹಿಡಿದಾಗ ಜಡತ್ವದಿಂದ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರಗಳು ಹಗುರವಾಗುತ್ತವೆ. ನಿಲ್ಲಿಸಬೇಕಾದ ಚಕ್ರಗಳಿಗೇ ನೆಲದ ಹಿಡಿತ ಕಡಮೆಯಾಗುತ್ತದೆಂದಾಯಿತು. ೪೦ರ ವೇಗದಲ್ಲಿಯೂ ಅಂಥ ಕಾರಿಗೆ ನೆನೆದ ರಸ್ತೆಯಲ್ಲಿ, ಪ್ರತಿಕ್ರಿಯೆಯ ಕಾಲವನ್ನು ಬಿಟ್ಟೇ, ಸುಮಾರು ೩೫ ಮೀಟರು ಬೇಕಾಗುತ್ತದೆ.

ನೀರಿನ ಮೇಲೆ ತೇಲುವ ಟೈರು

ಟೈರಿನ ಮೇಲಿನ ಗೆರೆಗಳು ಅಲಂಕಾರಕ್ಕಲ್ಲ. ಟೈರಿನ ಅಡಿಗೆ ಸಿಕ್ಕಿದ ನೀರಿಗೆ ಅವು ಕಾಲುವೆಗಳು. ಕಾಲುವೆ ಸವೆದಿದ್ದು ವೇಗ ಹೆಚ್ಚಿದ್ದರೆ ನೀರಿಗೆ ಪಕ್ಕಕ್ಕೆ ಸರಿಯಲು ಸಮಯ ದೊರೆಯದೆ, ಅದು ಬೆಣೆಯಂತೆ ಒಳನುಗ್ಗಿ ಟೈರನ್ನು ನೆಲದಿಂದ ಎತ್ತಿಬಿಡುತ್ತದೆ. ಆಗ ಸ್ಟಿಯರಿಂಗ್ ಚಕ್ರ ಹೂವಿನಂತೆ ಹಗುರವಾಗುತ್ತದೆ. ಕಾರು ಮಾತ್ರ ಹೇಳಿದ ಮಾತನ್ನು ಕೇಳುವುದಿಲ್ಲ. ಅಮೆರಿಕದ ನಾಸಾ ಸಂಸ್ಥೆಯ ಸಂಶೋಧಕರು ೧೯೬೦ರ ದಶಕದಲ್ಲಿ ವಿಮಾನದ ಟೈರುಗಳನ್ನು ಪರೀಕ್ಷಿಸಿ, ಈ ತೇಲುವಿಕೆ ಆರಂಭವಾಗುವ ವೇಗವು ಟೈರಿನ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿದೆಯೆಂದು ಕಂಡುಕೊಂಡರು. ಅವರ ಸೂತ್ರದಂತೆ ೨೫ ಪೌಂಡು ಗಾಳಿಯಿರುವ, ಗೆರೆ ಸವೆದ ಟೈರು ನಿಂತ ನೀರಿನಲ್ಲಿ ಸುಮಾರು ೮೩ ಕಿಲೋಮೀಟರು ವೇಗದಲ್ಲಿ ತೇಲುತ್ತದೆ. ಗಾಳಿ ೧೬ ಪೌಂಡಿಗೆ ಇಳಿದಿದ್ದರೆ ೬೭ರಲ್ಲಿಯೇ ತೇಲುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಗಾಳಿಯನ್ನು ನೋಡಿಸುವ ಎರಡು ನಿಮಿಷಗಳ ಬೆಲೆ ಇದು.

ಇಲ್ಲಿ ಹಳೆಯ ಕಾರಿಗೆ ಒಂದು ಅನುಕೂಲವೂ ಉಂಟು. ಅದರ ಟೈರು ಕಿರಿದಾದ್ದರಿಂದ ನೀರನ್ನು ಸೀಳಿಕೊಂಡು ಹೋಗುವುದು ಸುಲಭ. ಆದರೆ ವರ್ಷಕ್ಕೆ ನಾಲ್ಕಾರು ಸಲ ಮಾತ್ರ ಹೊರಗೆ ಬರುವ ಕಾರಿನ ಟೈರು ಸವೆಯುವುದೇ ಇಲ್ಲ; ಗೆರೆಗಳು ಹೊಸದರಂತೆ ಆಳವಾಗಿ ಕಾಣುತ್ತವೆ. ರಬ್ಬರು ಮಾತ್ರ ಗಾಳಿ ಬಿಸಿಲುಗಳಿಂದ ಒಳಗೊಳಗೇ ಗಡುಸಾಗಿ, ರಸ್ತೆಯ ಸೂಕ್ಷ್ಮವಾದ ಉಬ್ಬುತಗ್ಗುಗಳಿಗೆ ಬಾಗುವ ಗುಣವನ್ನು ಕಳೆದುಕೊಂಡಿರುತ್ತದೆ. ಇಂಥ ಟೈರಿನ ವಯಸ್ಸನ್ನು ಗೆರೆಗಳಿಂದಲ್ಲದೆ ತಯಾರಿಕೆಯ ವರ್ಷದಿಂದ ಎಣಿಸಬೇಕು.

ನಮ್ಮ ಸೀಮೆಯ ಹಿಮ

ಚಳಿದೇಶಗಳ ಚಾಲಕರು ಹಿಮಕ್ಕೆ ಅಂಜುತ್ತಾರೆ. ಕರ್ನಾಟಕದಲ್ಲಿ ಹಿಮ ಬೀಳುವುದಿಲ್ಲವಾದರೂ ಅದರ ಸ್ಥಾನವನ್ನು ತುಂಬುವ ವಸ್ತುವೊಂದು ನಮ್ಮಲ್ಲಿದೆ, ಅದೇ ಎರೆಮಣ್ಣು. ಎರೆಯಲ್ಲಿರುವ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿಯು ಅತಿ ತೆಳುವಾದ ಹಾಳೆಗಳ ಕಟ್ಟಿನಂತಿದೆ. ನೀರು ಬಿದ್ದಾಗ ಅಣುಗಳು ಹಾಳೆಗಳ ನಡುವೆ ಹೊಕ್ಕು ಮಣ್ಣು ಉಬ್ಬುತ್ತದೆ, ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ಬೇಸಗೆಯಲ್ಲಿ ಬಾಯಿಬಿಟ್ಟು ನಿಲ್ಲುವ ಹೊಲ ಮಳೆಯಲ್ಲಿ ಬೆಣ್ಣೆಯಾಗುವುದಕ್ಕೆ ಇದೇ ಕಾರಣ. ಭದ್ರಾ ನಾಲೆಯ ಗದ್ದೆಗಳಲ್ಲಿ ನಾಟಿಯ ಕಾಲಕ್ಕೆ ಕೆಲಸ ಮುಗಿಸಿ ಬರುವ ಟ್ರಾಕ್ಟರುಗಳು ಈ ಕೆಸರನ್ನು ಡಾಂಬರಿನ ಮೇಲೆ ಗಾವುದ ಗಾವುದ ಚೆಲ್ಲುತ್ತ ಹೋಗುತ್ತವೆ. ಸುಗ್ಗಿಯಲ್ಲಾದರೋ ರಸ್ತೆಯಂಚಿನಲ್ಲಿ ಒಣಹಾಕಿದ ಮೆಕ್ಕೆಜೋಳದ ಕಾಳುಗಳು ಚಕ್ರದಡಿಯಲ್ಲಿ ಉರುಳಿ, ಬೇರಿಂಗಿನ ಗುಂಡುಗಳಂತೆ ಕೆಲಸ ಮಾಡುತ್ತವೆ.

ತಿರುವಿನಲ್ಲಿ ಇದರ ಪರಿಣಾಮವನ್ನು ನೋಡಿರಿ. ೩೦ ಮೀಟರು ತ್ರಿಜ್ಯದ ಸಮತಟ್ಟಾದ ತಿರುವನ್ನು ಒಣರಸ್ತೆಯಲ್ಲಿ ೫೧ ಕಿಲೋಮೀಟರುಗಳವರೆಗೆ ಜಾರದೆ ದಾಟಬಹುದೆಂದು ಲೆಕ್ಕ ಹೇಳುತ್ತದೆ. ನೆನೆದಾಗ ಈ ಮಿತಿ ೩೯, ಕೆಸರಿದ್ದಾಗ ೨೭. ಆದ್ದರಿಂದ ವೇಗವನ್ನು ತಿರುವಿನ ಮೊದಲೇ ತಗ್ಗಿಸಬೇಕು. ತಿರುಗುತ್ತಿರುವಾಗ ಬ್ರೇಕು ಹಿಡಿದರೆ, ಅದೇ ನಾಲ್ಕು ಅಂಗೈಗಳಿಂದ ಎರಡು ಕೆಲಸಗಳನ್ನು ಒಟ್ಟಿಗೆ ಬೇಡಿದಂತಾಗುತ್ತದೆ.

ನಿಜವಾದ ಹಿಮದ ಮಾತು ಹಿಮಾಲಯಕ್ಕೆ ಹೋಗುವವರಿಗೂ ಶೀತದೇಶಗಳಲ್ಲಿ ನೆಲೆಸಿದ ನಮ್ಮ ಜನರಿಗೂ ಬೇಕಾಗುತ್ತದೆ. ಗಟ್ಟಿಯಾದ ಮಂಜುಗಡ್ಡೆಯ ಮೇಲೆ ಘರ್ಷಣಾಂಕ ೦.೧ಕ್ಕೂ ಇಳಿಯಬಹುದು. ಮಂಜುಗಡ್ಡೆಯ ಮೇಲ್ಮೈಯಲ್ಲಿ ದ್ರವದಂಥ ತೆಳುಪದರವೊಂದು ಸದಾ ಇರುತ್ತದೆಂಬ ಊಹೆಯನ್ನು ಮೈಕೇಲ್ ಫ್ಯಾರಡೆ ೧೮೫೦ರಲ್ಲಿಯೇ ಮುಂದಿಟ್ಟಿದ್ದನು. ಇಂದಿನ ಪ್ರಯೋಗಗಳು ಅದನ್ನು ಸಮರ್ಥಿಸಿವೆ. ಅಲ್ಲಿ ಚಕ್ರಕ್ಕೆ ಸರಪಳಿ ಬೇಕು. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ನೂರಕ್ಕೆ ಒಂಬತ್ತರಷ್ಟು ಹಿಗ್ಗಿ ಇಂಜಿನಿನ ಎರಕದ ಕಬ್ಬಿಣವನ್ನೇ ಸೀಳಬಲ್ಲುದಾದ್ದರಿಂದ, ರೇಡಿಯೇಟರಿನಲ್ಲಿ ಗ್ಲೈಕಾಲ್ ಬೆರೆತ ನೀರಿರಬೇಕು.

ನೆನೆದ ಬ್ರೇಕು, ನಿಂತ ಒರೆಸುಗೋಲು, ಸೋರುವ ವಿದ್ಯುತ್ತು

ಹಳೆಯ ಕಾರುಗಳ ಬ್ರೇಕು ಡ್ರಮ್ಮಿನ ಮಾದರಿಯದು. ತಿರುಗುವ ಡ್ರಮ್ಮು ತನ್ನನ್ನು ಒತ್ತುವ ಪಟ್ಟಿಯನ್ನು ತನ್ನೆಡೆಗೆ ಮತ್ತಷ್ಟು ಎಳೆದುಕೊಳ್ಳುವುದರಿಂದ ಬ್ರೇಕಿನ ಬಲ ವೃದ್ಧಿಯಾಗುತ್ತದೆ. ಆದರೆ ಈ ಗುಣವೇ ಮಳೆಯಲ್ಲಿ ದೋಷವಾಗುತ್ತದೆ. ಪಟ್ಟಿಯ ಘರ್ಷಣೆ ಸ್ವಲ್ಪ ತಗ್ಗಿದರೂ ಬ್ರೇಕಿನ ಬಲ ಬಹಳವಾಗಿ ತಗ್ಗುತ್ತದೆ. ಒಂದು ಡ್ರಮ್ಮಿಗೆ ನೀರು ಹೊಕ್ಕು ಇನ್ನೊಂದು ಒಣಗಿದ್ದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ನೀರನ್ನು ಹಾಯ್ದ ಮೇಲೆ, ಹಿಂದೆ ಯಾರೂ ಇಲ್ಲದುದನ್ನು ನೋಡಿಕೊಂಡು, ನಿಧಾನವಾಗಿ ಸಾಗುತ್ತಲೇ ಬ್ರೇಕನ್ನು ಮೆಲ್ಲಗೆ ಒತ್ತಿಹಿಡಿದರೆ ಘರ್ಷಣೆಯ ಶಾಖವೇ ಪಟ್ಟಿಗಳನ್ನು ಒಣಗಿಸುತ್ತದೆ.

ಆಗುಂಬೆಯಂಥ ಘಟ್ಟವನ್ನು ಇಳಿಯುವಾಗ ಇದಕ್ಕೆ ವಿರುದ್ಧವಾದ ತೊಂದರೆ. ೧,೨೦೦ ಕಿಲೋಗ್ರಾಂ ತೂಕದ ಕಾರು ೧೦೦ ಮೀಟರು ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿಯು, ಮೂರೂಮುಕ್ಕಾಲು ಲೀಟರು ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟಿದೆ. ಇದೆಲ್ಲ ಬ್ರೇಕಿಗೆ ಹೋದರೆ ಡ್ರಮ್ಮು ಕಾದು ಬ್ರೇಕು ಸೋಲುತ್ತದೆ. ಬ್ರೇಕಿನ ಎಣ್ಣೆಯೂ ಗಾಳಿಯ ತೇವವನ್ನು ಹೀರುವಂಥದು. ಡಾಟ್ ೩ ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ ೨೦೫ ಡಿಗ್ರಿಯಿರಬೇಕು, ತೇವ ಹೀರಿದ ಎಣ್ಣೆಗೆ ನಿಗದಿಯಾದ ಕನಿಷ್ಠ ೧೪೦ ಡಿಗ್ರಿ ಮಾತ್ರ. ಎಣ್ಣೆ ಕುದಿದು ಆವಿಯಾದರೆ ಪೆಡಲು ತಳ ಸೇರುತ್ತದೆ. ಏರಿದ ಗೇರಿನಲ್ಲಿಯೇ ಇಳಿಯಬೇಕೆಂಬ ಲಾರಿಯವರ ಹಳೆಯ ಮಾತಿನ ಅರ್ಥ ಇದೇ: ಇಳಿಜಾರಿನ ಶಕ್ತಿಯನ್ನು ಇಂಜಿನು ನುಂಗಲಿ, ಬ್ರೇಕು ವಿಶ್ರಾಂತಿ ಪಡೆಯಲಿ.

ಗಾಜಿನ ಒರೆಸುಗೋಲಿಗೆ ಅಮೆರಿಕದ ಮೇರಿ ಆಂಡರ್ಸನ್ ಎಂಬ ಮಹಿಳೆ ೧೯೦೩ರಲ್ಲಿ ಹಕ್ಕುಪತ್ರ ಪಡೆದಳು. ಅದನ್ನು ಕೈಯಿಂದ ಆಡಿಸಬೇಕಾಗಿತ್ತು. ಅನಂತರದ ಅನೇಕ ಕಾರುಗಳಲ್ಲಿ ವೈಪರು ಇಂಜಿನಿನ ಹೀರುಕೊಳವೆಯ ನಿರ್ವಾತದಿಂದ ನಡೆಯುತ್ತಿತ್ತು. ಏರು ಹತ್ತಲು ಆಕ್ಸಿಲರೇಟರನ್ನು ಒತ್ತಿದೊಡನೆ ಗಾಳಿಯ ದಾರಿ ತೆರೆದು ನಿರ್ವಾತ ಕುಗ್ಗುತ್ತದೆ. ವೈಪರು ನಡುಗಾಜಿನಲ್ಲಿ ನಿಂತುಬಿಡುತ್ತದೆ. ಕೆಟ್ಟಿತೆಂದು ಗಾಬರಿಪಡಬೇಕಾಗಿಲ್ಲ, ಕ್ಷಣಕಾಲ ಕಾಲನ್ನು ಸಡಿಲಿಸಿದರೆ ಮತ್ತೆ ಆಡುತ್ತದೆ. ಗಾಜಿನ ಒಳಮೈ ಮಬ್ಬಾಗುವುದು ನಮ್ಮ ಉಸಿರಿನ ಆವಿಯಿಂದ. ಗಾಜು ಇಬ್ಬನಿ ಬಿಂದುವಿಗಿಂತ ತಣ್ಣಗಿರುವುದರಿಂದ ಆವಿ ಅಲ್ಲಿ ಹನಿಗಟ್ಟುತ್ತದೆ. ಬಿಸಿಗಾಳಿಯ ಏರ್ಪಾಡಿಲ್ಲದ ಕಾರಿನಲ್ಲಿ ಕಿಟಕಿಯನ್ನು ಎರಡು ಬೆರಳಗಲ ತೆರೆದಿಡುವುದೇ ಪರಿಹಾರ.

ಮಳೆಯಲ್ಲಿ ಇಂಜಿನು ತಡವರಿಸಿ ನಿಂತರೆ ಪೆಟ್ರೋಲನ್ನು ದೂರುವ ಮೊದಲು ಕಿಡಿಯನ್ನು ಪರೀಕ್ಷಿಸಬೇಕು. ಕಾಯಿಲಿನಿಂದ ಸ್ಪಾರ್ಕ್ ಪ್ಲಗ್ಗಿಗೆ ಹೋಗುವ ವಿದ್ಯುತ್ತು ಹತ್ತು ಸಾವಿರ ವೋಲ್ಟಿನ ಮಟ್ಟದ್ದು. ತಂತಿಯ ಹಳೆಯ ರಬ್ಬರಿನ ಬಿರುಕಿನಲ್ಲಿಯೋ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಧೂಳಿನ ಮೇಲೆಯೋ ತೇವ ಕುಳಿತರೆ, ವಿದ್ಯುತ್ತು ಕಿಡಿಯಾಗಿ ಹಾರುವ ಬದಲು ಆ ತೇವದ ದಾರಿಯಲ್ಲಿ ಸೋರಿಹೋಗುತ್ತದೆ. ಇಗ್ನಿಷನ್ ಆರಿಸಿ, ಮುಚ್ಚಳವನ್ನು ತೆಗೆದು ಒಣಬಟ್ಟೆಯಿಂದ ಒರೆಸಿದರೆ ಸಾಮಾನ್ಯವಾಗಿ ಇಂಜಿನು ಹೊರಡುತ್ತದೆ. ಚಳಿಗಾಲದ ಬೆಳಗಿನ ತಡವರಿಕೆಯ ಕಾರಣ ಬೇರೆ: ತಣ್ಣನೆಯ ಪೆಟ್ರೋಲು ಸಾಕಷ್ಟು ಆವಿಯಾಗುವುದಿಲ್ಲ, ಎಣ್ಣೆ ಮಂದವಾಗಿರುತ್ತದೆ, ಬ್ಯಾಟರಿಯ ರಾಸಾಯನಿಕ ಕ್ರಿಯೆ ನಿಧಾನವಾಗಿರುತ್ತದೆ. ಚೋಕನ್ನು ಎಳೆದು, ಇಂಜಿನು ಬಿಸಿಯಾದಂತೆ ಹಿಂದಕ್ಕೆ ತಳ್ಳಬೇಕು.

ರೈಲ್ವೆ ಕೆಳಸೇತುವೆಯಲ್ಲಿ ನೀರು ನಿಂತಿದ್ದರೆ ಅದು ಕಾರಿನ ಚಕ್ರದ ಗುಂಬವನ್ನು ಮುಟ್ಟುವಷ್ಟಿದೆಯೇ ಎಂದು ಮುಂದೆ ಹೋಗುವ ವಾಹನಗಳಿಂದ ಅಂದಾಜು ಮಾಡಬೇಕು, ಮುಟ್ಟುವಂತಿದ್ದರೆ ಹಿಂದಿರುಗಬೇಕು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಸಿಲಿಂಡರಿಗೆ ನೀರು ಹೊಕ್ಕು ಪಿಸ್ಟನ್ ಮೇಲೆ ಬಂದರೆ ಬಾಗುವುದು ಉಕ್ಕಿನ ಕನೆಕ್ಟಿಂಗ್ ರಾಡು.

ಚಾಲಕನು ನೆನಪಿಡಬೇಕಾದ ಅಂಶಗಳು

೧. ಹೊರಡುವ ಮೊದಲು ಟೈರಿನ ಗಾಳಿ, ವೈಪರಿನ ರಬ್ಬರು, ದೀಪಗಳು, ಬ್ರೇಕಿನ ಎಣ್ಣೆ ಇವನ್ನು ನೋಡಿಕೊಳ್ಳಬೇಕು.
೨. ಮಳೆ ಆರಂಭವಾದೊಡನೆ ವೇಗವನ್ನು ಮೂರನೆಯ ಒಂದು ಭಾಗ ತಗ್ಗಿಸಬೇಕು. ಕೆಸರು ಕಂಡರೆ ಅರ್ಧಕ್ಕೂ ಕೆಳಗೆ ಇಳಿಸಬೇಕು.
೩. ಮುಂದಿನ ವಾಹನದಿಂದ ನಾಲ್ಕು ಸೆಕೆಂಡುಗಳ ಅಂತರವಿರಬೇಕು.
೪. ಬ್ರೇಕನ್ನು ಒಮ್ಮೆಲೇ ತುಳಿಯಬಾರದು. ಚಕ್ರ ಬಿಗಿದುಕೊಂಡರೆ ಕಾಲು ಸಡಿಲಿಸಿ ಮತ್ತೆ ಒತ್ತಬೇಕು. ಉರುಳದ ಚಕ್ರಕ್ಕೆ ತಿರುಗಿಸುವ ಶಕ್ತಿಯಿಲ್ಲ.
೫. ಕಾರಿನ ಹಿಂಭಾಗ ಜಾರಿದರೆ ಬ್ರೇಕನ್ನೂ ಆಕ್ಸಿಲರೇಟರನ್ನೂ ಬಿಟ್ಟು, ಹಿಂಭಾಗ ಯಾವ ಕಡೆಗೆ ಜಾರಿತೋ ಆ ಕಡೆಗೇ ಸ್ಟಿಯರಿಂಗನ್ನು ಮೆಲ್ಲಗೆ ತಿರುಗಿಸಬೇಕು.
೬. ಮನೆಗೆ ಬಂದ ಮೇಲೆ ಚಕ್ರದ ಗೂಡುಗಳ ಕೆಸರನ್ನು ತೊಳೆದು, ಕಾರನ್ನು ಗಾಳಿಯಾಡುವ ಕಡೆ ಒಣಗಿಸಬೇಕು. ತೇವ ಹಿಡಿದ ಮಣ್ಣು ತುಕ್ಕಿನ ತವರು. ನೆನೆದ ಕಾರಿನ ಮೇಲೆ ಹೊದಿಕೆ ಹಾಕಿ ಮುಚ್ಚುವುದು ತುಕ್ಕಿಗೆ ಆಹ್ವಾನವಿತ್ತಂತೆ.

ಹೊಸ ಕಾರಿನಲ್ಲಿ ಚಾಲಕನ ಅನೇಕ ಕರ್ತವ್ಯಗಳನ್ನು ಯಂತ್ರವೇ ವಹಿಸಿಕೊಂಡಿದೆ. ಚಕ್ರ ಬಿಗಿದುಕೊಳ್ಳದಂತೆ ನೋಡುವುದು, ಗಾಜನ್ನು ಒಣಗಿಸುವುದು, ಕಿಡಿಯನ್ನು ಕಾಯುವುದು ಇವೆಲ್ಲ ತಾವಾಗಿಯೇ ನಡೆಯುತ್ತವೆ. ಹಳೆಯ ಕಾರಿನಲ್ಲಿ ಇವು ಇನ್ನೂ ಮನುಷ್ಯನ ಕೈಯಲ್ಲಿಯೇ ಇವೆ. ಅದನ್ನು ಓಡಿಸುವ ಸಂತೋಷವೂ ಅದರಲ್ಲಿಯೇ ಇದೆ. ಮಳೆಯ ದಿನ ಈ ಹೊಣೆಯನ್ನು ಹೊರಲು ಮನಸ್ಸಿಲ್ಲದಿದ್ದರೆ ಕಾರನ್ನು ಮನೆಯಲ್ಲಿಯೇ ಬಿಡುವುದು ಲೇಸು. ಹೊರಲು ಸಿದ್ಧರಿರುವವರು ನಿಧಾನವಾಗಿ ಹೊರಟರೂ ಹರಿಹರವನ್ನು ಹತ್ತು ನಿಮಿಷ ತಡವಾಗಿಯಾದರೂ ಸುಖವಾಗಿ ಸೇರುವರು.